ಪಾಲೆಸ್ಟ್ರೀನಾನಿಂದ ಬ್ರೂಕ್ನರ್‌ವರೆಗೆ: ವೃಂದಗಾನದ ಹಾರ್ಮನಿಯನ್ನು ಒಂದೇ ವಿಧಾನದಲ್ಲಿ ವಿಶ್ಲೇಷಿಸಬಹುದೆ?

ಪ್ರಶ್ನೆ: ಮಂದ್ರಪಂಚಮ

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವನು. ಪಾಶ್ಚಾತ್ಯ ವೃಂದಗಾನದ ಕಡೆಗೆ ಬಂದದ್ದು ಉದ್ಯೋಗಕ್ಕೆ ಸೇರಿದ ಮೇಲೆ. ಈಗ ಬೆಂಗಳೂರಿನ ಒಂದು ಕಾಯರ್‌ನಲ್ಲಿ ಬಾಸ್ ಸಾಲಿನಲ್ಲಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಧ್ವನಿಯಲ್ಲಿ ಹಾಡುತ್ತಿದ್ದೇನೆ. ಬೇರೆ ಬೇರೆ ಕಾಲದ ಕೃತಿಗಳಲ್ಲಿ ಹಾರ್ಮನಿ, ಅಂದರೆ ಒಟ್ಟಿಗೆ ಕೇಳಿಸುವ ಸ್ವರಗಳ ಹೊಂದಾಣಿಕೆ, ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ತಿಳಿಯಬೇಕೆಂಬ ಆಸೆಯಿಂದ, ನಾವು ಅಭ್ಯಾಸ ಮಾಡುವ ಕೃತಿಗಳ ಸ್ವರಲಿಪಿಯನ್ನು ಮುಂದಿಟ್ಟುಕೊಂಡು ವಿಶ್ಲೇಷಿಸುತ್ತಿದ್ದೇನೆ. ನನಗೆ ಹೇಳಿಕೊಟ್ಟ ವಿಧಾನ ಪಠ್ಯಪುಸ್ತಕಗಳಲ್ಲಿ ಇರುವಂಥದ್ದೇ: ಮೊದಲು ಸ್ಕೇಲ್ ಯಾವುದೆಂದು ನಿರ್ಧರಿಸುವುದು, ಪ್ರತಿ ಕಾರ್ಡ್‌ನ (ಒಟ್ಟಿಗೆ ಕೇಳಿಸುವ ಸ್ವರಗಳ ಗುಂಪಿನ) ಮೂಲಸ್ವರವನ್ನು ಗುರುತಿಸಿ ಅದರ ಕೆಳಗೆ ಒಂದು, ನಾಲ್ಕು, ಐದು ಎಂದು ರೋಮನ್ ಅಂಕಿ ಬರೆಯುವುದು, ಕೊನೆಗೆ ಕೇಡೆನ್ಸ್‌ಗಳನ್ನು, ಅಂದರೆ ಸಂಗೀತದ ವಾಕ್ಯಗಳ ಮುಕ್ತಾಯಗಳನ್ನು ಗುರುತಿಸುವುದು.

ಮೊಜಾರ್ಟ್ 1791ರಲ್ಲಿ ಬರೆದ 'ಆವೇ ವೇರುಮ್ ಕೋರ್ಪುಸ್' ಕೃತಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಅದು ಕೇವಲ 46 ಬಾರ್‌ಗಳ (ತಾಳದ ಆವರ್ತದಂಥ ಅಳತೆಗಳ) ಚಿಕ್ಕ ಕೃತಿ. ಡಿ ಮೇಜರ್‌ನಲ್ಲಿ ಹೊರಡುತ್ತದೆ, ಎ ಮೇಜರ್‌ಗೆ ಹೋಗುತ್ತದೆ, ನಡುವೆ ಎಫ್ ಮೇಜರ್ ಕಡೆಗೆ ತಿರುಗಿ ಮತ್ತೆ ಮನೆಗೆ ಬರುತ್ತದೆ, ಮತ್ತು ಈ ದಾರಿ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದೇ ವಿಧಾನವನ್ನು ಹದಿನಾರನೆಯ ಶತಮಾನದ ಇಟಲಿಯ ಪಾಲೆಸ್ಟ್ರೀನಾನ 'ಸ್ಟಾಬಾತ್ ಮಾತೆರ್' ಕೃತಿಗೆ ಹಚ್ಚಿದಾಗ ಮೊದಲ ಹೆಜ್ಜೆಯಲ್ಲೇ ದಾರಿ ಕಟ್ಟಿಹೋಗುತ್ತದೆ. ಅದರ ಮೊದಲ ಮೂರು ಕಾರ್ಡ್‌ಗಳು ಎ ಮೇಜರ್, ಜಿ ಮೇಜರ್, ಎಫ್ ಮೇಜರ್. ಇವು ಮೂರೂ ಒಟ್ಟಿಗೆ ಸೇರುವ ಮೇಜರ್ ಸ್ಕೇಲ್ ಇಲ್ಲ. ಯಾವ ಅಂಕಿ ಬರೆದರೂ ಅದು ಹೆಸರಾಗುತ್ತದೆಯೇ ಹೊರತು ವಿವರಣೆಯಾಗುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮೊಜಾರ್ಟ್ ಬಳಸಿದ ಅದೇ ಲ್ಯಾಟಿನ್ ಸಾಹಿತ್ಯವನ್ನು ಇಂಗ್ಲೆಂಡಿನ ವಿಲಿಯಂ ಬರ್ಡ್ ಕೂಡ ನಾಲ್ಕು ಧ್ವನಿಗಳಿಗೆ ಅಳವಡಿಸಿ 1605ರಲ್ಲಿ ಪ್ರಕಟಿಸಿದ್ದಾನೆ. ಎರಡನ್ನೂ ಕೇಳಿದವರಿಗೆ ನಡುವೆ ಇನ್ನೂರು ವರ್ಷಗಳ ಹತ್ತಿರದ ಅಂತರವಿದೆ ಎಂಬುದು ತಕ್ಷಣ ತಿಳಿಯುತ್ತದೆ. ಆದರೆ ನನ್ನ ಅಂಕಿಗಳ ಪಟ್ಟಿಯನ್ನು ನೋಡಿದರೆ ಎರಡರಲ್ಲೂ ಸರಳ ಮೂರು ಸ್ವರದ ಕಾರ್ಡ್‌ಗಳೇ ಹೆಚ್ಚು, ಅವು ಒಂದನ್ನೊಂದು ಹಿಂಬಾಲಿಸುವ ರೀತಿಯಲ್ಲೂ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹಾಗಾದರೆ ಕಿವಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸುವ ಶೈಲಿ ಸ್ವರಲಿಪಿಯಲ್ಲಿ ಎಲ್ಲಿದೆ? ಹಳೆಯ ಕೃತಿಗಳಿಗೆ ಅಂಕಿ ಹಾಕುವುದನ್ನು ಬಿಟ್ಟುಬಿಡಬೇಕೆ? ಬಿಟ್ಟರೆ ಅದರ ಬದಲು ಏನನ್ನು ಗುರುತಿಸಬೇಕು? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಸಾಲುಬರಹ

ನಮಸ್ಕಾರ. ಒಳ್ಳೆಯ ಪ್ರಶ್ನೆ, ಮತ್ತು ನೀವು ಆಯ್ದುಕೊಂಡ ಉದಾಹರಣೆಗಳಲ್ಲೇ ಉತ್ತರವೂ ಇದೆ ಎಂದು ನನಗೆ ಅನ್ನಿಸುತ್ತದೆ.

ಒಂದು ಕಾರ್ಡ್‌ನ ಸ್ವರಗಳನ್ನು ಮೇಲೆ ಕೆಳಗೆ ಮಾಡಿದರೂ ಅದು ಅದೇ ಕಾರ್ಡ್, ಅದಕ್ಕೆ ಒಂದು ಮೂಲಸ್ವರವಿದೆ ಎಂಬ ವಿಚಾರಕ್ಕೆ ಸಿದ್ಧಾಂತದ ರೂಪ ಕೊಟ್ಟವನು ಫ್ರಾನ್ಸಿನ ರಾಮೋ, 1722ರ ತನ್ನ ಗ್ರಂಥದಲ್ಲಿ. ಪಾಲೆಸ್ಟ್ರೀನಾ ತೀರಿಕೊಂಡದ್ದು 1594ರಲ್ಲಿ. ಅವನ ಕಾಲದ ಚಿಂತನೆಯನ್ನು ತಿಳಿಯಬೇಕಾದರೆ 1558ರಲ್ಲಿ ವೆನಿಸ್‌ನಲ್ಲಿ ತನ್ನ ಗ್ರಂಥ ಪ್ರಕಟಿಸಿದ ಝಾರ್ಲಿನೋನ ಕಡೆಗೆ ನೋಡಬೇಕು. ಅಲ್ಲಿ ಮಾತು ನಡೆಯುವುದು ಎರಡು ಧ್ವನಿಗಳ ನಡುವಿನ ಅಂತರದ ಬಗ್ಗೆ, ಆ ಅಂತರ ಮುಂದಿನ ಅಂತರಕ್ಕೆ ಹೇಗೆ ಸಾಗಬೇಕು ಎಂಬುದರ ಬಗ್ಗೆ. ಆದ್ದರಿಂದ ಆ ಕಾಲದ ಕೃತಿಯನ್ನು ಮೇಲಿನಿಂದ ಕೆಳಕ್ಕೆ, ಅಂದರೆ ಕಾರ್ಡ್ ಕಾರ್ಡ್ ಆಗಿ ಓದುವ ಮೊದಲು ಅಡ್ಡಡ್ಡಲಾಗಿ, ಸಾಲು ಸಾಲಾಗಿ ಓದಿ, ಆಮೇಲೆ ಸಾಲುಗಳನ್ನು ಎರಡೆರಡಾಗಿ ಜೋಡಿಸಿ ನೋಡಿ.

ಶುರುಮಾಡಲು ಅತ್ಯುತ್ತಮ ಜಾಗ ಕೇಡೆನ್ಸ್. ಒಂದು ಸಾಲು ಮುಕ್ತಾಯದ ಸ್ವರಕ್ಕೆ ಮೇಲಿನಿಂದ ಒಂದು ಮೆಟ್ಟಿಲು ಇಳಿಯುತ್ತದೆ. ಇನ್ನೊಂದು ಸಾಲು ಅದೇ ಸ್ವರಕ್ಕೆ ಕೆಳಗಿನಿಂದ ಒಂದು ಮೆಟ್ಟಿಲು ಹತ್ತುತ್ತದೆ. ಎರಡರ ನಡುವಿನ ಆರನೆಯ ಅಂತರ ಎಂಟನೆಯದಾಗಿ ತೆರೆದುಕೊಳ್ಳುತ್ತದೆ. ಹತ್ತುವ ಸಾಲು ಅದಕ್ಕೂ ಮುಂಚೆ ಸ್ವಲ್ಪ ಹೊತ್ತು ಹಿಂದಿನ ಸ್ವರದಲ್ಲೇ ತಡೆದು ನಿಂತು, ಬಲವಾದ ಮಾತ್ರೆಯ ಮೇಲೆ ಏಳನೆಯ ಅಂತರದ ಘರ್ಷಣೆಯನ್ನು ಉಂಟುಮಾಡಿ, ಆಮೇಲೆ ಒಂದು ಮೆಟ್ಟಿಲು ಇಳಿದು ಬಿಡಿಸಿಕೊಳ್ಳುತ್ತದೆ. ಇದೇ ಸಸ್ಪೆನ್ಷನ್. ಈ ಜೋಡಿಯನ್ನು ಗುರುತಿಸಲು ಕಲಿತರೆ ವಾಕ್ಯಗಳು ಎಲ್ಲಿ ಮುಗಿಯುತ್ತವೆ, ಯಾವ ಸ್ವರದ ಮೇಲೆ ಮುಗಿಯುತ್ತವೆ, ಎಲ್ಲಿ ಮುಗಿಯುವಂತೆ ತೋರಿಸಿ ಇನ್ನೊಂದು ಧ್ವನಿಯ ಪ್ರವೇಶದಿಂದ ಮುಂದೆ ಸಾಗುತ್ತವೆ ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಮುಕ್ತಾಯಗಳು ಬೀಳುವ ಸ್ವರಗಳ ಪಟ್ಟಿ ಮಾಡಿದರೆ ಕೃತಿಯ ಮೋಡ್ (ಮೇಜರ್, ಮೈನರ್‌ಗಳಿಗಿಂತ ಹಳೆಯ ಸ್ವರಕ್ರಮ) ಬಹುಮಟ್ಟಿಗೆ ತಾನಾಗಿ ಕಾಣುತ್ತದೆ. ರಾಗದಲ್ಲಿ ನ್ಯಾಸಸ್ವರಗಳನ್ನು ಗುರುತಿಸಿ ಅಭ್ಯಾಸವಿರುವ ನಿಮಗೆ ಇದು ಕಷ್ಟವಾಗದು.

ಎರಡನೆಯದಾಗಿ, ಸ್ವರಗಳ ಘರ್ಷಣೆ ಇರುವ ಪ್ರತಿಯೊಂದು ಜಾಗಕ್ಕೂ ಗುರುತು ಹಾಕಿ. ಪಾಲೆಸ್ಟ್ರೀನಾನಲ್ಲಿ ಬಲವಾದ ಮಾತ್ರೆಯ ಮೇಲೆ ಘರ್ಷಣೆ ಬಂದರೆ ಅದು ಸಸ್ಪೆನ್ಷನ್ ಆಗಿರುತ್ತದೆ: ಘರ್ಷಿಸುವ ಸ್ವರ ಹಿಂದಿನ ಮಾತ್ರೆಯಲ್ಲಿ ಹೊಂದಿಕೊಂಡೇ ಇದ್ದದ್ದು, ಕೆಳಗಿನದು ಕದಲಿದ್ದರಿಂದ ಘರ್ಷಣೆಗೆ ಸಿಕ್ಕಿಕೊಂಡದ್ದು. ದುರ್ಬಲ ಮಾತ್ರೆಯಲ್ಲಾದರೆ ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಹಾದುಹೋಗುವ ಸ್ವರ. ಈ ಶಿಸ್ತಿನ ಗಡಿ ಎಲ್ಲಿದೆ ಎಂದು ತಿಳಿಯಬೇಕಾದರೆ ಮೊಂಟೆವೆರ್ಡಿಯ 'ಕ್ರೂಡಾ ಅಮರಿಲ್ಲಿ' ಎಂಬ ಐದು ಧ್ವನಿಗಳ ಮ್ಯಾಡ್ರಿಗಲ್ (ಚರ್ಚಿಗೆ ಸೇರದ, ಕವಿತೆಯ ಮೇಲೆ ಕಟ್ಟಿದ ವೃಂದಗೀತೆ) ನೋಡಿ. ಬಾಸ್‌ನಲ್ಲಿ ಜಿ ನಿಂತಿರುವಾಗ ಮೇಲಿನ ಧ್ವನಿ ಯಾವ ಸಿದ್ಧತೆಯೂ ಇಲ್ಲದೆ ಎ ಸ್ವರದ ಮೇಲೆ ಬಂದು ಇಳಿಯುತ್ತದೆ. ಬೊಲೊನ್ಯದ ಪಂಡಿತ ಆರ್ಟೂಸಿ 1600ರಲ್ಲಿ ಇದನ್ನೇ ಎತ್ತಿ ಆಡಿದ. ಮೊಂಟೆವೆರ್ಡಿ ಅಳುಕದೆ ಅದನ್ನು 1605ರ ತನ್ನ ಐದನೆಯ ಪುಸ್ತಕದ ಮೊದಲ ಹಾಡಾಗಿಯೇ ಅಚ್ಚು ಹಾಕಿಸಿದ. ಕಾರ್ಡ್‌ಗಳ ಹೆಸರು ಬರೆದರೆ ಈ ಜಗಳ ಯಾಕಾಯಿತು ಎಂಬುದು ತಿಳಿಯುವುದೇ ಇಲ್ಲ; ಘರ್ಷಣೆಯ ಸ್ವರ ಹೇಗೆ ಬಂತು, ಹೇಗೆ ಹೋಯಿತು ಎಂದು ನೋಡಿದರೆ ಮಾತ್ರ ತಿಳಿಯುತ್ತದೆ.

ನಿಮ್ಮ 'ಸ್ಟಾಬಾತ್ ಮಾತೆರ್' ಆರಂಭಕ್ಕೂ ಇದೇ ಕಣ್ಣು ಬೇಕು. ಬಾಸ್ ಎ, ಜಿ, ಎಫ್ ಎಂದು ಇಳಿಯುತ್ತದೆ. ಎಲ್ಲ ಧ್ವನಿಗಳೂ ಅದರ ಜೊತೆಗೇ ಇಳಿದರೆ ಸಮಾನಾಂತರ ಐದನೆಯ ಮತ್ತು ಎಂಟನೆಯ ಅಂತರಗಳು ಉಂಟಾಗುತ್ತವೆ, ಅದು ಆ ಶೈಲಿಯಲ್ಲಿ ನಿಷಿದ್ಧ. ಆದ್ದರಿಂದ ಬಾಸ್ ಇಳಿಯುವಾಗ ಉಳಿದ ಮೂರು ಸಾಲುಗಳು ಯಾವ ದಿಕ್ಕಿಗೆ ಹೋಗುತ್ತವೆ ಎಂದು ಒಂದೊಂದಾಗಿ ಬೆರಳಿಟ್ಟು ನೋಡಿ. ಆ ಮೂರು ಕಾರ್ಡ್‌ಗಳು ಅಷ್ಟು ದೂರದವಾಗಿದ್ದೂ ಅಷ್ಟು ನಯವಾಗಿ ಕೇಳಿಸುವುದು ಆ ವಿರುದ್ಧ ಚಲನೆಯಿಂದ.

ಈಗ ನಿಮ್ಮ ಎರಡು 'ಆವೇ ವೇರುಮ್'ಗಳು. ಬರ್ಡ್‌ನ ಕೃತಿಯ ಮೊದಲ ಎರಡು ಪದಗಳಲ್ಲೇ ಅವನ ಶೈಲಿ ಇದೆ. ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಿ. 'ಆವೇ' ಎಂಬಲ್ಲಿ ಎಲ್ಲಕ್ಕಿಂತ ಮೇಲಿನ ಧ್ವನಿಯಾದ ಸೊಪ್ರಾನೊ ಎಫ್ ಶಾರ್ಪ್‌ಗೆ ಇಳಿಯುತ್ತದೆ, ಅಂದರೆ ಕಾಕಲಿ ನಿಷಾದ. ಕೂಡಲೇ 'ವೇರುಮ್' ಎಂಬಲ್ಲಿ ಬಾಸ್ ಎಫ್ ನ್ಯಾಚುರಲ್ ಹಾಡುತ್ತದೆ, ಅಂದರೆ ಕೈಶಿಕಿ ನಿಷಾದ. ಒಂದು ನಿಷಾದದ ನೆನಪು ಕಿವಿಯಲ್ಲಿ ಇನ್ನೂ ಇರುವಾಗಲೇ ಇನ್ನೊಂದು ಧ್ವನಿಯಲ್ಲಿ ಇನ್ನೊಂದು ನಿಷಾದ. ಇದನ್ನು ಫಾಲ್ಸ್ ರಿಲೇಷನ್ ಎನ್ನುತ್ತಾರೆ, ಮತ್ತು ಇಂಗ್ಲೆಂಡಿನ ಸಂಗೀತಗಾರರಿಗೆ ಇದು ಬಹಳ ಪ್ರಿಯವಾಗಿತ್ತು. ಇದು ಹುಟ್ಟುವುದು ಸಾಲುಗಳ ನಡೆಯಿಂದ: ಷಡ್ಜಕ್ಕೆ ಮರಳಿ ಹತ್ತಬೇಕಾದ ಸಾಲಿಗೆ ಮೇಲಿನ ನಿಷಾದ ಬೇಕು, ಬೇರೆ ಕಡೆಗೆ ಹೊರಟ ಸಾಲಿಗೆ ಕೆಳಗಿನದು ಸಾಕು, ಎರಡೂ ತಮ್ಮ ತಮ್ಮ ನಿಯಮದಂತೆ ನಡೆದಾಗ ಹತ್ತಿರದಲ್ಲೇ ಎದುರಾಗುತ್ತವೆ. ಬರ್ಡ್ ಪ್ರಾಟೆಸ್ಟಂಟ್ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ನಂಬಿಕೆಯನ್ನು ಬಿಡದೆ ಬಾಳಿದವನು. 'ಇದು ನಿಜವಾದ ದೇಹ' ಎಂದು ಸಾರುವ ಸಾಹಿತ್ಯದಲ್ಲಿ 'ನಿಜವಾದ' ಎಂಬ ಪದದ ಮೇಲೆಯೇ ಈ ಎದುರಾಟ ಬಂದಿರುವುದು ಆಕಸ್ಮಿಕವೆಂದು ನಾನು ಒಪ್ಪಲಾರೆ.

ಮೊಜಾರ್ಟ್‌ನಲ್ಲಿ ಡಿ ಸ್ವರವನ್ನು ಷಡ್ಜವೆಂದುಕೊಳ್ಳಿ. ಎರಡನೆಯ ಬಾರಿ 'ಆವೇ' ಎನ್ನುವಾಗ ಸೊಪ್ರಾನೊ ಎ, ಜಿ ಶಾರ್ಪ್, ಜಿ ನ್ಯಾಚುರಲ್ ಎಂದು ಜಾರುತ್ತದೆ: ಪಂಚಮ, ಪ್ರತಿಮಧ್ಯಮ, ಶುದ್ಧಮಧ್ಯಮ. ಇಲ್ಲಿಯೂ ಒಂದೇ ಸ್ವರದ ಎರಡು ರೂಪಗಳು ಒಂದರ ಬೆನ್ನಿಗೆ ಒಂದು ಬಂದಿವೆ. ಆದರೆ ಬರ್ಡ್‌ನಲ್ಲಿ ಅವು ಎರಡು ಧ್ವನಿಗಳಲ್ಲಿ ಎದುರಾಗಿ ನಿಂತರೆ, ಮೊಜಾರ್ಟ್‌ನಲ್ಲಿ ಒಂದೇ ಧ್ವನಿಯೊಳಗೆ ಕರಗುತ್ತವೆ. ಕೆಳಗಿನ ಧ್ವನಿಗಳು ಮನೆಯ ಕಾರ್ಡ್‌ನ ಹತ್ತಿರದಲ್ಲೇ ಇರುವುದರಿಂದ ಆ ಜಾರುವಿಕೆ ಒಂದು ಬಣ್ಣವಾಗಿ ಕೇಳಿಸುತ್ತದೆ. ಬರ್ಡ್‌ಗೆ ಸಾಲುಗಳು ಮೊದಲು, ಕಾರ್ಡ್ ಅವುಗಳ ಫಲ. ಮೊಜಾರ್ಟ್‌ಗೆ ಕಾರ್ಡ್‌ಗಳ ಪಯಣ ಮೊದಲು, ಸಾಲುಗಳು ಅದರೊಳಗೆ ಚಂದವಾಗಿ ನಡೆಯುತ್ತವೆ. ನಿಮ್ಮ ಅಂಕಿಪಟ್ಟಿಯಲ್ಲಿ ಕಾಣದೆ ಹೋದದ್ದು ಇದು.

ಉತ್ತರ: ಕೀಲಿಮಣೆ

ಸಾಲುಬರಹ ಅವರು ಬರೆದದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅಂಕಿಗಳಿಗೆ ನ್ಯಾಯವಾದ ಜಾಗವೊಂದಿದೆ, ಮತ್ತು ಅದು ಬಾಖ್‌ನ ಕೋರಲ್‌ಗಳಿಂದ, ಅಂದರೆ ನಾಲ್ಕು ಧ್ವನಿಗಳಿಗೆ ಅಳವಡಿಸಿದ ಜರ್ಮನ್ ಚರ್ಚಿನ ಸ್ತೋತ್ರಗೀತೆಗಳಿಂದ ಶುರುವಾಗುತ್ತದೆ ಎಂದು ಸೇರಿಸಲು ಬಯಸುತ್ತೇನೆ. ನಾನು ಚರ್ಚಿನಲ್ಲಿ ಆರ್ಗನ್ ನುಡಿಸುವವನಾದ್ದರಿಂದ ಈ ಸಂಗೀತ ನನಗೆ ವಾರವಾರದ ಒಡನಾಟ. ಕರಾವಳಿಯಲ್ಲಿ ಬಾಸೆಲ್ ಮಿಷನ್ ಪರಂಪರೆಯ ಸಭೆಗಳಲ್ಲಿ ಬೆಳೆದವರಿಗೆ ಜರ್ಮನ್ ಕೋರಲ್ ಧಾಟಿಗಳು ಕನ್ನಡ ಮಾತುಗಳೊಂದಿಗೆ ಬಾಯಿಗೆ ಬಂದಿರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳ ಜೊತೆಗೆ ಆ ಧಾಟಿಗಳೂ ಬಂದವು.

ಕೋರಲ್‌ಗಳನ್ನು ಬರಿಯ ಕಾರ್ಡ್‌ಗಳ ಸಾಲಾಗಿ ನೋಡುವ ಅಭ್ಯಾಸಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಬಾಖ್ ತೀರಿಕೊಂಡ ಮೇಲೆ ಅವನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಮತ್ತು ಶಿಷ್ಯ ಕಿರ್ನ್‌ಬೆರ್ಗರ್ ಅವರ ಶ್ರಮದಿಂದ 1784ರಿಂದ 1787ರವರೆಗೆ 371 ಸಂಖ್ಯೆಗಳಿರುವ ಕೋರಲ್ ಸಂಗ್ರಹ ಅಚ್ಚಾಯಿತು. ಅದರಲ್ಲಿ ಸಾಹಿತ್ಯವನ್ನೇ ಕೊಟ್ಟಿರಲಿಲ್ಲ. ಅಂದಿನಿಂದ ತಲೆಮಾರುಗಳ ವಿದ್ಯಾರ್ಥಿಗಳು ಮಾತಿಲ್ಲದ ಕೋರಲ್‌ಗಳ ಕೆಳಗೆ ಅಂಕಿ ಬರೆಯುತ್ತ ಬಂದರು. ಬಾಖ್ ಯಾವ ಕಾರ್ಡ್ ಅನ್ನು ಯಾಕೆ ಆರಿಸಿದ ಎಂಬ ಪ್ರಶ್ನೆಗೆ ಉತ್ತರ ಅನೇಕ ಸಲ ಸಾಹಿತ್ಯದಲ್ಲಿರುತ್ತದೆ, ಆ ಸಾಹಿತ್ಯವೇ ಕಣ್ಣಿನ ಮುಂದೆ ಇರಲಿಲ್ಲ.

ಇದನ್ನು ಪರೀಕ್ಷಿಸಲು ಯೇಸುವಿನ ಯಾತನೆ ಮತ್ತು ಮರಣದ ಕಥೆಯನ್ನು ಹಾಡುವ ಬಾಖ್‌ನ ಸಂತ ಮತ್ತಾಯನ ಪ್ಯಾಶನ್‌ಗಿಂತ ಉತ್ತಮ ಕೃತಿ ಇಲ್ಲ. 'ಓ ಹೌಪ್ಟ್ ಫೋಲ್ ಬ್ಲೂಟ್ ಉಂಟ್ ವುಂಡೆನ್' ಧಾಟಿ ಮೂಲದಲ್ಲಿ ಹಾನ್ಸ್ ಲೇಓ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ಬಾಖ್ ಅದನ್ನು ಈ ಪ್ಯಾಶನ್‌ನಲ್ಲಿ ಐದು ಕಡೆ ತರುತ್ತಾನೆ. ಮೊದಲ ಎರಡರಲ್ಲಿ ಹಾರ್ಮನಿ ಒಂದೇ, ಆದರೆ ಮೊದಲನೆಯದು ಇ ಮೇಜರ್, ಎರಡನೆಯದು ಅರ್ಧ ಸ್ವರ ಕೆಳಗೆ ಇ ಫ್ಲ್ಯಾಟ್ ಮೇಜರ್. ನಡುವಿನ ಎರಡಕ್ಕೆ ಬೇರೆ ಬೇರೆ ಹಾರ್ಮನಿ. ಕೊನೆಯದು ಬರುವುದು ಯೇಸು ಪ್ರಾಣಬಿಟ್ಟ ಕೂಡಲೇ, 'ನಾನು ಒಂದು ದಿನ ಅಗಲಬೇಕಾದಾಗ ನೀನು ನನ್ನನ್ನು ಅಗಲಬೇಡ' ಎಂಬ ಮಾತಿನೊಂದಿಗೆ. ಇಲ್ಲಿ ಕೆಳಗಿನ ಮೂರು ಧ್ವನಿಗಳು ಅರ್ಧ ಸ್ವರಗಳಲ್ಲಿ ತಡಕಾಡುತ್ತ ಸಾಗುತ್ತವೆ, 'ಮನಸ್ಸು ಅತ್ಯಂತ ಭಯಗೊಂಡಾಗ' ಎಂಬ ಮಾತು ಬಂದಾಗ ಆ ತಡಕಾಟ ಅತಿ ದಟ್ಟವಾಗುತ್ತದೆ.

ನಾನು ವಿದ್ಯಾರ್ಥಿಗಳಿಗೆ ಮಾಡಿಸುವ ಅಭ್ಯಾಸ ಹೀಗಿದೆ. ನಾಲ್ಕು ಬೇರೆ ಬೇರೆ ಹಾರ್ಮನಿಗಳನ್ನೂ ಒಂದೇ ಶ್ರುತಿಗೆ ಬದಲಿಸಿಕೊಂಡು, ಒಂದೇ ಧಾಟಿಯ ಕೆಳಗೆ ನಾಲ್ಕು ಸಾಲುಗಳಲ್ಲಿ ಅಂಕಿ ಬರೆಯಬೇಕು, ಪಕ್ಕದಲ್ಲಿ ಆಯಾ ಸಾಹಿತ್ಯ ಇರಬೇಕು. ಆಗ ಅಂಕಿ ಸಾರ್ಥಕವಾಗುತ್ತದೆ, ಏಕೆಂದರೆ ಧಾಟಿ ಬದಲಾಗದೆ ನಿಂತು ಕಾರ್ಡ್ ಮಾತ್ರ ಬದಲಾಗುವುದು ಅದರಲ್ಲಿ ಎದ್ದುಕಾಣುತ್ತದೆ. ವಿಶೇಷವಾಗಿ ಕೊನೆಯ ಸ್ವರವನ್ನು ನೋಡಿ. ಮೊದಲ ರೂಪದಲ್ಲಿ ಧಾಟಿಯ ಕೊನೆಯ ಸ್ವರ ಮೇಜರ್ ಕಾರ್ಡ್‌ನ ಗಾಂಧಾರವಾಗಿ, ನೆಮ್ಮದಿಯಿಂದ ಮುಗಿಯುತ್ತದೆ. ಕೊನೆಯ ರೂಪದಲ್ಲಿ ಅದೇ ಸ್ವರ ಇ ಮೇಜರ್ ಕಾರ್ಡ್‌ನ ಮೂಲಸ್ವರವಾಗುತ್ತದೆ. ಎ ಮೈನರ್‌ನ ಐದನೆಯ ಕಾರ್ಡ್‌ನಲ್ಲಿ ಮುಗಿಯದೆ ನಿಂತಿತು ಎನ್ನಬಹುದು, ಹಳೆಯ ಫ್ರಿಜಿಯನ್ ಮೋಡ್‌ನ ಮನೆಗೆ ಬಂದಿತು ಎನ್ನಬಹುದು. ಗ್ರಹಭೇದ ಗೊತ್ತಿರುವ ಪ್ರಶ್ನೆ ಕೇಳಿದವರಿಗೆ ಇದರ ಪರಿಣಾಮ ವಿವರಿಸಬೇಕಾಗಿಲ್ಲ. ಹಳೆಯ ಮೋಡ್ ಮತ್ತು ಹೊಸ ಸ್ಕೇಲ್ ಎರಡರ ಕಾನೂನೂ ಒಟ್ಟಿಗೆ ನಡೆಯುವ ಜಾಗ ಇದು, ಒಂದನ್ನೇ ಹಿಡಿದರೆ ಅರ್ಧ ಮಾತ್ರ ಸಿಗುತ್ತದೆ.

ಉತ್ತರ: ಮೂರನೆಯ ಆಲ್ಟೊ

ಹತ್ತೊಂಬತ್ತನೆಯ ಶತಮಾನದ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತಿದ್ದೇನೆ. ಈ ಕಾಲಕ್ಕೆ ಬಂದಾಗ ಮೇಲಿನ ಇಬ್ಬರೂ ಹೇಳಿದ ಪರೀಕ್ಷೆಗಳು ಸಾಲವು. ಅದಕ್ಕೆ ನನ್ನ ಸಾಕ್ಷಿ ಆಸ್ಟ್ರಿಯಾದ ಬ್ರೂಕ್ನರ್ 1879ರಲ್ಲಿ ಬರೆದ 'ಓಸ್ ಯೂಸ್ತಿ'.

ಆಗ ಜರ್ಮನ್ ನಾಡುಗಳ ಕ್ಯಾಥೊಲಿಕ್ ಚರ್ಚುಗಳಲ್ಲಿ ಸಿಸಿಲಿಯನ್ ಚಳವಳಿ ನಡೆದಿತ್ತು. ಚರ್ಚಿನ ಸಂಗೀತ ಪಾಲೆಸ್ಟ್ರೀನಾನ ಶುದ್ಧತೆಗೆ ಮರಳಬೇಕೆಂಬುದು ಅದರ ಆಗ್ರಹ. ಸೇಂಟ್ ಫ್ಲೋರಿಯನ್ ಮಠದ ಗಾಯನ ನಿರ್ದೇಶಕ ಟ್ರೌಮಿಹ್ಲರ್ ಆ ಪಂಥದವನು. ಅವನಿಗೆಂದು ಬರೆದ ಈ ಕೃತಿಯಲ್ಲಿ ಬ್ರೂಕ್ನರ್ ತನ್ನ ಕೈಯನ್ನು ತಾನೇ ಕಟ್ಟಿಕೊಂಡ: ಲಿಡಿಯನ್ ಮೋಡ್, ಒಂದೇ ಒಂದು ಶಾರ್ಪ್ ಅಥವಾ ಫ್ಲ್ಯಾಟ್ ಇಲ್ಲ, ಏಳನೆಯ ಸ್ವರ ಸೇರಿದ ಕಾರ್ಡ್ ಇಲ್ಲ, ಐದನೆಯ ಸ್ವರ ಕೆಳಗಿರುವ ಆರು-ನಾಲ್ಕರ ಕಾರ್ಡ್ ಇಲ್ಲ. ಕಾರ್ಡ್‌ಗಳ ಪಟ್ಟಿಯನ್ನಷ್ಟೇ ಕೊಟ್ಟರೆ ಇದು ಹದಿನಾರನೆಯ ಶತಮಾನದ್ದೆಂದು ಯಾರಾದರೂ ಹೇಳಿಬಿಡಬಹುದು. ಆದರೆ ಹಾಡಲು ನಿಂತವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ನಾಲ್ಕು ಧ್ವನಿಗಳು ಎಂಟಾಗಿ ಹರಡಿಕೊಳ್ಳುತ್ತವೆ. ಸದ್ದು ಪಿಸುಮಾತಿನಿಂದ ಪೂರ್ಣಕಂಠದವರೆಗೆ ಏರುವುದನ್ನು ಸ್ವರಲಿಪಿಯಲ್ಲೇ ಬರೆದಿಟ್ಟಿದೆ. ಇಡೀ ವಾಕ್ಯವೇ ಒಂದು ಶಿಖರದ ಕಡೆಗೆ ಕಟ್ಟಿಕೊಂಡು ಹೋಗುತ್ತದೆ. ಪಾಲೆಸ್ಟ್ರೀನಾನಲ್ಲಿ ಪ್ರತಿಯೊಂದು ಸಾಲಿಗೂ ಅದರದೇ ಏರಿಳಿತ, ಅದರದೇ ಶಿಖರ ಇರುತ್ತದೆ, ಅವು ಒಂದೇ ಕ್ಷಣದಲ್ಲಿ ಬರಬೇಕಾಗಿಲ್ಲ. ಬ್ರೂಕ್ನರ್‌ನಲ್ಲಿ ಎಲ್ಲರೂ ಒಟ್ಟಿಗೆ ಏರುತ್ತಾರೆ. ಈ ಕಾಲದ ಶೈಲಿಯನ್ನು ಗುರುತಿಸಲು ನಾನು ಸೂಚಿಸುವ ಗುರುತು ಅದೇ: ಧ್ವನಿಗಳ ಶಿಖರಗಳು ಎಲ್ಲಿವೆ, ಅವು ಸೇರುತ್ತವೆಯೇ?

ಪಾಲೆಸ್ಟ್ರೀನಾನ 'ಸ್ಟಾಬಾತ್ ಮಾತೆರ್' ಪ್ರಸ್ತಾಪ ಬಂದಿರುವುದರಿಂದ ಇನ್ನೊಂದು ವಿಷಯ. ಅದನ್ನು ವಾಗ್ನರ್ 1848ರಲ್ಲಿ ಡ್ರೆಸ್ಡೆನ್‌ನಲ್ಲಿ ಪ್ರಯೋಗಕ್ಕೆಂದು ಸಂಪಾದಿಸಿದ. ಸದ್ದಿನ ಏರಿಳಿತದ ಗುರುತುಗಳನ್ನು ಸೇರಿಸಿದ, ಎಲ್ಲಿ ಪೂರ್ಣ ವೃಂದ, ಎಲ್ಲಿ ಕೆಲವೇ ಗಾಯಕರು ಎಂದು ಹಂಚಿದ. ಮೂಲ ಮುದ್ರಣ ಮತ್ತು ಈ ಆವೃತ್ತಿ ಎರಡನ್ನೂ ಹೋಲಿಸಿ ನೋಡುವುದು ಶೈಲಿ ಕಲಿಯಲು ಬಹಳ ಒಳ್ಳೆಯ ದಾರಿ, ಏಕೆಂದರೆ ವಾಗ್ನರ್ ಸೇರಿಸಿದ ಪ್ರತಿಯೊಂದು ಗುರುತೂ ಅವನ ಕಾಲಕ್ಕೆ ಏನು ಕೊರತೆಯಾಗಿ ಕಂಡಿತು ಎಂಬುದನ್ನು ಹೇಳುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ಪ್ರತಿಯಲ್ಲಿ ಇಂಥ ಗುರುತುಗಳಿದ್ದರೆ ಅವು ಯಾರವು ಎಂದು ಮೊದಲು ವಿಚಾರಿಸಿ, ಆಮೇಲೆ ವಿಶ್ಲೇಷಣೆಗೆ ಕೂರಿ.

ಉತ್ತರ: ಸಾಲುಬರಹ

ಆಲ್ಟೊ ಅವರ ಶಿಖರದ ಮಾತು ಬಹಳ ಇಷ್ಟವಾಯಿತು. ಅದಕ್ಕೆ ಇಪ್ಪತ್ತನೆಯ ಶತಮಾನದಿಂದ ಒಂದು ಪುಟ್ಟ ಸೇರ್ಪಡೆ: ಎಸ್ಟೋನಿಯಾದ ಆರ್ವೋ ಪಾರ್ಟ್ 1989ರಲ್ಲಿ ಬರೆದ 'ಮಾಗ್ನಿಫಿಕಾತ್' ನೋಡಿ. ಅಲ್ಲಿ ಒಂದು ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ನಡೆದರೆ ಅದರ ಜೊತೆಗಾರ ಧ್ವನಿ ಎಫ್ ಮೈನರ್ ಕಾರ್ಡ್‌ನ ಮೂರು ಸ್ವರಗಳನ್ನಷ್ಟೇ ಹಾಡುತ್ತದೆ; ಕೆಲವು ಕಡೆ ಒಂಟಿ ಸೊಪ್ರಾನೊ ಸಿ ಸ್ವರವನ್ನು ತಂಬೂರಿಯ ಪಂಚಮದಂತೆ ಹಿಡಿದು ನಿಂತಿರುತ್ತದೆ. ಇಲ್ಲಿ ಉಂಟಾಗುವ ಘರ್ಷಣೆಗಳಿಗೆ ಸಿದ್ಧತೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಅವು ಆ ನಿಯಮದಿಂದ ತಾವಾಗಿ ಬಂದು ಹೋಗುತ್ತವೆ. ಕಾರ್ಡ್‌ಗೆ ಹೆಸರಿಡುವ ಬದಲು ನಿಯಮವನ್ನು ಕಂಡುಹಿಡಿದು ಬರೆಯುವುದೇ ಇಲ್ಲಿ ವಿಶ್ಲೇಷಣೆ.

ಮರುಪ್ರಶ್ನೆ: ಮಂದ್ರಪಂಚಮ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ನಿಷಾದ, ಎರಡು ಮಧ್ಯಮಗಳ ಹೋಲಿಕೆಯನ್ನು ಸ್ವರಲಿಪಿಯಲ್ಲಿ ಪರೀಕ್ಷಿಸಿದೆ. ಬರ್ಡ್‌ನ ಬಾಸ್ ಸಾಲನ್ನು ಹಾಡುವವನು ನಾನೇ ಆದ್ದರಿಂದ ಆ ಎಫ್ ನ್ಯಾಚುರಲ್‌ನ ಹೊಣೆ ಇನ್ನು ಮುಂದೆ ಬೇರೆಯಾಗಿಯೇ ಇರುತ್ತದೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ ಕೇಳಬೇಕು. ವಾದ್ಯವಿಲ್ಲದೆ ಹಾಡುವಾಗ ನಮ್ಮ ತಂಡದ ಶ್ರುತಿ ಕೃತಿಯ ಕೊನೆಗೆ ಇಳಿದುಹೋಗಿರುತ್ತದೆ. ಎಲ್ಲ ಕೃತಿಗಳಲ್ಲೂ ಹೀಗಾಗುವುದಿಲ್ಲ, ಕೆಲವು ನಿರ್ದಿಷ್ಟ ಕೃತಿಗಳಲ್ಲಿ, ಅದೂ ಬಹುಪಾಲು ಅದೇ ಅದೇ ವಾಕ್ಯಗಳಲ್ಲಿ ಆಗುತ್ತದೆ. ಇದು ಗಾಯಕರ ದಣಿವು ಮಾತ್ರವೇ, ಅಥವಾ ಹಾರ್ಮನಿಯಲ್ಲೇ ಇದಕ್ಕೆ ಕಾರಣವಿರಬಹುದೆ?

ಉತ್ತರ: ಶ್ರುತಿಪೆಟ್ಟಿಗೆ

ಕಾಯರ್ ತರಬೇತಿ ಕೊಡುವವಳಾಗಿ ಇದಕ್ಕೆ ಉತ್ತರಿಸುತ್ತೇನೆ. ದಣಿವು, ಉಸಿರಿನ ಕೊರತೆ, ಇಳಿಯುವ ಸಾಲುಗಳಲ್ಲಿ ಅಂತರ ದೊಡ್ಡದಾಗುವುದು, ಇವೆಲ್ಲ ಕಾರಣಗಳು ಹೌದು. ಆದರೆ ಅದೇ ವಾಕ್ಯದಲ್ಲಿ ಪ್ರತಿ ಸಲ ಇಳಿಯುತ್ತಿದೆ ಎಂದರೆ ಹಾರ್ಮನಿಯನ್ನು ಅನುಮಾನಿಸಲೇಬೇಕು, ಮತ್ತು ಗಾಯಕರು ಚೆನ್ನಾಗಿ ಕಿವಿಗೊಟ್ಟು ಹಾಡುತ್ತಿರುವುದರಿಂದಲೇ ಅದು ಇಳಿಯುತ್ತಿರಬಹುದು.

ಸಿ ಮೇಜರ್, ಎ ಮೈನರ್, ಡಿ ಮೈನರ್, ಜಿ ಮೇಜರ್, ಮತ್ತೆ ಸಿ ಮೇಜರ್ ಎಂಬ ಸಾಮಾನ್ಯ ಓಟವನ್ನು ತೆಗೆದುಕೊಳ್ಳಿ. ಕೀಲಿಮಣೆಯಿಲ್ಲದೆ ಹಾಡುವ ಒಳ್ಳೆಯ ತಂಡ ಅಂತರಗಳನ್ನು ಶುದ್ಧವಾಗಿ ಹಿಡಿಯುತ್ತದೆ: ಗಾಂಧಾರ 5/4, ಪಂಚಮ 3/2. ಪ್ರತಿ ಕಾರ್ಡ್‌ನಿಂದ ಮುಂದಿನದಕ್ಕೆ ಹೋಗುವಾಗ ಸಮಾನವಾಗಿರುವ ಸ್ವರವನ್ನು ಬದಲಿಸದೆ ಉಳಿಸಿಕೊಳ್ಳುವುದು ಗಾಯಕರ ಸಹಜ ಪ್ರವೃತ್ತಿ. ಈಗ ಲೆಕ್ಕ ಮಾಡಿ. ಸಿ ಎಂಬುದು 1 ಆದರೆ ಎ ಸ್ವರ 5/3. ಆ ಎ ಪಂಚಮವಾಗುವಂತೆ ಡಿ ಹಿಡಿದರೆ ಅದು 10/9. ಆ ಡಿ ಪಂಚಮವಾಗುವಂತೆ ಜಿ ಹಿಡಿದರೆ 40/27. ಅಲ್ಲಿಂದ ಶುದ್ಧ ಪಂಚಮದಷ್ಟು ಇಳಿದು ಬಂದ ಸಿ 80/81. ಅಂದರೆ ಎಲ್ಲರೂ ಶುದ್ಧವಾಗಿ ಹಾಡಿಯೂ ಹೊರಟಲ್ಲಿಗೆ ಬರಲಿಲ್ಲ. 81/80ರಷ್ಟು, ಸುಮಾರು 22 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಕೆಳಗೆ ಬಂದರು. ಇದು ನಮ್ಮ ಗ್ರಂಥಗಳ ವ್ಯಾಖ್ಯಾನಕಾರರು ಪ್ರಮಾಣಶ್ರುತಿ ಎಂದು ಹೇಳುವ ಅದೇ ಅಳತೆ. ಈ ಓಟ ಒಂದು ಕೃತಿಯಲ್ಲಿ ನಾಲ್ಕೈದು ಸಲ ಬಂದರೆ ಅರ್ಧ ಸ್ವರವೇ ಜಾರಿಹೋಗುತ್ತದೆ. ಹದಿನಾರನೆಯ ಶತಮಾನದಲ್ಲೇ ಇಟಲಿಯ ಗಣಿತಜ್ಞ ಬೆನೆಡೆಟ್ಟಿ ಸಂಗೀತಗಾರ ಚಿಪ್ರಿಯಾನೊ ದೆ ರೋರೆಗೆ ಬರೆದ ಪತ್ರಗಳಲ್ಲಿ ಇಂಥ ಉದಾಹರಣೆಗಳನ್ನು ಲೆಕ್ಕ ಹಾಕಿ ತೋರಿಸಿದ್ದ.

ಪರಿಹಾರ ಡಿ ಸ್ವರದಲ್ಲಿದೆ. ಡಿ ಮೈನರ್ ಕಾರ್ಡ್‌ನಲ್ಲಿ ಅದು 10/9, ತ್ರಿಶ್ರುತಿ ರಿಷಭ. ಜಿ ಮೇಜರ್ ಕಾರ್ಡ್‌ಗೆ ಹೋದಾಗ ಅದು 9/8, ಚತುಃಶ್ರುತಿ ರಿಷಭ ಆಗಬೇಕು. ಸ್ವರಲಿಪಿಯಲ್ಲಿ ಎರಡಕ್ಕೂ ಒಂದೇ ಚುಕ್ಕೆ, ಕೆಲವು ಸಲ ಕಟ್ಟುಗೆರೆಯಿಂದ ಜೋಡಿಸಿದ ಒಂದೇ ದೀರ್ಘ ಸ್ವರ. ಆ ಸ್ವರವನ್ನು ಹಿಡಿದಿರುವವರು ಕಾರ್ಡ್ ಬದಲಾಗುವ ಕ್ಷಣದಲ್ಲಿ ಅದನ್ನು ಕೂದಲೆಳೆಯಷ್ಟು ಮೇಲಕ್ಕೆ ತರಬೇಕು. ಆದ್ದರಿಂದ ನಿಮ್ಮ ವಿಶ್ಲೇಷಣೆಯಲ್ಲಿ ಇನ್ನೊಂದು ಗುರುತು ಸೇರಿಸಿಕೊಳ್ಳಿ: ಎರಡು ಕಾರ್ಡ್‌ಗಳಿಗೆ ಸೇರಿದ ಸಮಾನ ಸ್ವರವನ್ನು ಯಾವ ಧ್ವನಿ ಹಿಡಿದಿದೆ, ಅದರ ಪಾತ್ರ ಬದಲಾಗುತ್ತಿದೆಯೇ ಎಂದು ನೋಡಿ ಅಲ್ಲೊಂದು ಪುಟ್ಟ ಬಾಣ ಹಾಕಿ. ನೀವು ಹೇಳಿದ, ಶ್ರುತಿ ಇಳಿಯುವ ವಾಕ್ಯಗಳನ್ನು ಮೊದಲು ಪರೀಕ್ಷಿಸಿ. ಡಿ ಮೈನರ್‌ನಿಂದ ಜಿ ಮೇಜರ್‌ಗೆ ಹೋಗುವಂಥ ಹೆಜ್ಜೆಗಳ ಮುಂಚೆ ಎ ಮೈನರ್‌ನಂಥ ಕಾರ್ಡ್ ಇದೆಯೇ ಎಂದು ಹುಡುಕಿ. ಇದ್ದರೆ, ಅಭ್ಯಾಸದ ಹೊತ್ತಿನಲ್ಲಿ ತಂಬೂರಿಯಲ್ಲಿ ಸಿ ಮತ್ತು ಜಿ ಇಟ್ಟುಕೊಂಡು ಆ ನಾಲ್ಕು ಕಾರ್ಡ್‌ಗಳನ್ನಷ್ಟೇ ನಿಧಾನವಾಗಿ, ಮಾತಿಲ್ಲದೆ, ಒಂದು ಸ್ವರಾಕ್ಷರದಲ್ಲಿ ಹಾಡಿಸಿ. ಜಿ ಕಾರ್ಡ್‌ಗೆ ಬಂದಾಗ ತಂಬೂರಿಯ ಜಿ ಜೊತೆಗೆ ಬಾಸ್ ಕೂಡುತ್ತಿದೆಯೋ ಇಲ್ಲವೋ ಎಂಬುದು ನಿಮಗೇ, ಬಾಸ್ ಸಾಲಿನಲ್ಲಿ ನಿಂತವರಿಗೇ, ಎಲ್ಲರಿಗಿಂತ ಮೊದಲು ಕೇಳಿಸುತ್ತದೆ.